ಹಲಗೆಯ ಬಲಗಡೆ ಬರೆಯಲು ಕಲಿಸಿದವರು

ಆಸ್ಪತ್ರೆಯ ಔಷಧಾಲಯದ ಕಿಟಕಿಯಲ್ಲಿ ಚೀಟಿ ಕೊಟ್ಟು ಕಾಯುವವರಿಗೆ, ಒಳಗಿರುವ ಕಂಪ್ಯೂಟರಿನ ಪರದೆಯೊಂದು ‘ಈ ರೋಗಿಗೆ ಈ ಔಷಧಿ ಒಗ್ಗುವುದಿಲ್ಲ’ ಎಂದು ಎಚ್ಚರಿಸುತ್ತಿರುತ್ತದೆಂಬುದು ಗೊತ್ತಿರುವುದಿಲ್ಲ. ಆ ಒಂದು ಸಾಲು ತಪ್ಪದಿರಲೆಂದು ಮಹಿಳೆಯೊಬ್ಬರು ಮೂವತ್ತನಾಲ್ಕು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರೆಂಬುದಂತೂ ಗೊತ್ತಾಗುವ ಸಂಭವವೇ ಇಲ್ಲ. ಆಸ್ಪತ್ರೆಗಳಿಗೆ ತಂತ್ರಾಂಶ ರೂಪಿಸುವ ಕ್ಷೇತ್ರದಲ್ಲಿ ಅವರಿಗಿಂತ ಹೆಚ್ಚು ವೇದಿಕೆ ಏರಿದವರಿದ್ದಾರೆ, ಹೆಚ್ಚು ಶಾಲು ಹೊದ್ದವರಿದ್ದಾರೆ. ಆದರೆ ‘ಅವರ ತಂಡ ಮಾಡಿದ್ದಾ? ಹಾಗಿದ್ರೆ ಬಿಡಿ’ ಎಂದು ದಾದಿಯರೂ ಔಷಧ ವಿತರಕರೂ ನೆಮ್ಮದಿಯಿಂದ ಹೇಳುವ ಮಾತು ಅವರೊಬ್ಬರಿಗೇ ಮೀಸಲು.

ಎದುರಿಗೆ ಎಲ್ಲರೂ ಅವರನ್ನು ಕರೆಯುತ್ತಿದ್ದುದು ‘ಮೇಡಂ’ ಎಂದು. ಬೆನ್ನ ಹಿಂದೆ ‘ದೊಡ್ಡಮ್ಮ’ ಎಂದು. ಎರಡನೆಯದು ಅವರ ಕಿವಿಗೂ ಬಿದ್ದಿತ್ತು, ಆದರೆ ಬಿದ್ದಿಲ್ಲವೆಂಬಂತೆ ಇರುವ ದೊಡ್ಡತನ ಅವರಲ್ಲಿತ್ತು. ಈ ಲೇಖನ ಬರೆಯುವ ಭಾಗ್ಯ ಒದಗಿದ್ದು ಅವರ ತಂಡದ ಪರೀಕ್ಷಕಿಗೆ. ಬೇರೆಯವರು ಬರೆದ ತಂತ್ರಾಂಶದಲ್ಲಿ ಹುಳುಕು ಹುಡುಕುವುದೇ ಅವಳ ಉದ್ಯೋಗವಾದ್ದರಿಂದ ಸಹೋದ್ಯೋಗಿಗಳು ಇಟ್ಟ ಹೆಸರು ‘ತಕರಾರಮ್ಮ’. ಹಿರಿಯರ ಅಭಿನಂದನ ಗ್ರಂಥದಲ್ಲಿ ‘ನಾನು, ನಾನು’ ಎಂದು ಮೆರೆಯುವುದು ಸಲ್ಲದೆಂದು, ಅವಳು ಇಲ್ಲಿ ಆ ಅಡ್ಡಹೆಸರಿನಲ್ಲೇ ಕಾಣಿಸಿಕೊಳ್ಳುತ್ತಾಳೆ.

ದೊಡ್ಡಮ್ಮ ಕೆಲಸಕ್ಕೆ ಸೇರಿದ ಕಾಲದಲ್ಲಿ ಏಳು ಜನರಿಗೆ ಎರಡು ಕಂಪ್ಯೂಟರುಗಳಿದ್ದವಂತೆ. ಸರದಿ ಬರುವವರೆಗೆ ಸುಮ್ಮನೆ ಕೂರಲಾರದೆ ಅವರು ಎದುರಿನ ಆಸ್ಪತ್ರೆಯ ಔಷಧಾಲಯಕ್ಕೆ ಹೋಗಿ ನಿಲ್ಲುತ್ತಿದ್ದರು. ಕೈಗವಸು ತೊಟ್ಟ ದಾದಿ ಗುಂಡಿ ಒತ್ತುವಾಗ ಪಕ್ಕದ ಗುಂಡಿಯೂ ಒತ್ತಿಹೋಗುವುದನ್ನು ಕಂಡದ್ದು ಅಲ್ಲೇ. ಮುಂದೆ ತಂಡದ ನಾಯಕಿಯಾದಾಗ, ಹೊಸಬರು ಯಾರೇ ಆಗಲಿ, ಎಷ್ಟೇ ಓದಿ ಬಂದಿರಲಿ, ಬಳಸುವವರ ಪಕ್ಕದಲ್ಲಿ ಒಂದು ಇಡೀ ದಿನ ನಿಂತು ಬರದೆ ಒಂದು ಸಾಲನ್ನೂ ಬರೆಯಕೂಡದೆಂದು ಕಟ್ಟಪ್ಪಣೆ ಮಾಡಿದರು. ಕಾಲು ನೋಯುತ್ತದೆಂದು ಗೊಣಗಿದವರಿಗೆ, ‘ಅವರಿಗೆ ದಿನಾ ನೋಯತ್ತೆ’ ಎನ್ನುವುದಷ್ಟೇ ಅವರ ಉತ್ತರವಾಗಿತ್ತು.

ಆದರೆ ಅವರ ಕಾರ್ಯಶೈಲಿಯ ಜೀವಾಳವಿದ್ದದ್ದು ಗೋಡೆಯ ಮೇಲಿನ ಬಿಳಿ ಹಲಗೆಯಲ್ಲಿ. ನಡುವೆ ಒಂದು ಗೆರೆ. ಎಡಗಡೆ ‘ನೋಡಿದ್ದು’, ಬಲಗಡೆ ‘ನೋಡದ್ದು’. ಅವರ ಕೋಣೆಯಲ್ಲಿ ‘ಎಲ್ಲ ಸರಿ ಇದೆ’ ಎಂಬ ಮಾತಿಗೆ ಪ್ರವೇಶವಿರಲಿಲ್ಲ. ಪ್ರತಿ ಸಂಜೆ ಮನೆಗೆ ಹೊರಡುವ ಮುನ್ನ ಪ್ರತಿಯೊಬ್ಬರೂ ತಾವು ಯಾವುದನ್ನು ಪರೀಕ್ಷಿಸಿದೆವು, ಯಾವುದನ್ನು ಪರೀಕ್ಷಿಸಲಿಲ್ಲ ಎಂದು ತಮ್ಮ ಕೈಯಾರೆ ಬರೆದು ಹೋಗಬೇಕು. ಬಲಗಡೆ ತುಂಬಿದಷ್ಟೂ ಅವರ ಮುಖ ಅರಳುತ್ತಿತ್ತು. ಖಾಲಿಯಿದ್ದರೆ, ‘ಇದೇನ್ರಪ್ಪಾ, ಎಲ್ಲರೂ ಸರ್ವಜ್ಞರಾಗ್ಬಿಟ್ರಾ?’ ಎನ್ನುವರು. ಎಲ್ಲರೂ ಹೋದ ಮೇಲೆ ಒಬ್ಬೊಬ್ಬರ ಎಡಗಡೆಯಿಂದ ಒಂದೊಂದು ಸಾಲನ್ನು ಆರಿಸಿ ತಾವೇ ಮತ್ತೊಮ್ಮೆ ಪರೀಕ್ಷಿಸುವರು. ಯಾವ ಸಾಲು ಎಂಬುದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಳಬರು, ಹೊಸಬರು ಎಂಬ ಭೇದವೂ ಇರಲಿಲ್ಲ.

ಈ ಹಲಗೆ ಅವರ ಮನೆಯವರೆಗೂ ಹೋಗಿತ್ತೆಂದು ಅವರ ಯಜಮಾನರು, ನಿವೃತ್ತ ವ್ಯಾಯಾಮ ಶಿಕ್ಷಕರು, ಒಮ್ಮೆ ನಗುತ್ತಲೇ ದೂರಿದ್ದುಂಟು: ‘ಅಂಗಡಿಗೆ ಹೋಗಿ ಬಂದ್ರೆ ಏನು ತಂದ್ರಿ ಅಂತ ಕೇಳೋದು ಲೋಕರೂಢಿ. ಇವಳು ಏನು ಮರೆತ್ರಿ ಅಂತ ಕೇಳ್ತಾಳೆ ನೋಡಿ!’

ತಂಡದವರಿಂದ ಅವರು ನಿರೀಕ್ಷಿಸುತ್ತಿದ್ದುದು ಬುದ್ಧಿವಂತಿಕೆಯನ್ನಲ್ಲ. ಅದು ಎಲ್ಲರಲ್ಲೂ ಒಂದಿಷ್ಟು ಇರುತ್ತದೆಂದು ಅವರ ನಂಬಿಕೆ. ಸಭೆಯಲ್ಲಿ ತುಟಿ ಬಿಚ್ಚದ ಪ್ರೋಗ್ರಾಮರ್ ಒಬ್ಬನಿಗೆ, ಎಲ್ಲರೂ ‘ಮೌನಿಬಾಬಾ’ ಎಂದು ಛೇಡಿಸುತ್ತಿದ್ದವನಿಗೆ, ‘ನೀವು ಮಾತಾಡೋದು ಬೇಡ, ಹಲಗೆ ಮೇಲೆ ಬರೀರಿ’ ಎಂದರು. ಆತನ ಬಲಗಡೆಯ ಪಟ್ಟಿಯೇ ಮುಂದೆ ಮೂರು ಆಸ್ಪತ್ರೆಗಳ ತೊಂದರೆ ತಪ್ಪಿಸಿತು. ಮಗುವಿಗೆ ಜ್ವರವೆಂದು ಹೇಳಿ ರಜೆ ಕೇಳಲು ತಡವರಿಸಿದ ತಾಯಿಯೊಬ್ಬಳಿಗೆ ಅವರು ಹೇಳಿದ ಮಾತು ತಂಡದಲ್ಲಿ ಗಾದೆಯಂತೆ ಉಳಿದಿದೆ: ‘ಮಗುಗೆ ಜ್ವರ ಅಂತ ಹೇಳೋಕೆ ಸಂಕೋಚ ಪಡೋರು, ನಾಳೆ ಪ್ರೋಗ್ರಾಮಿನಲ್ಲಿ ತಪ್ಪಿದೆ ಅಂತ ಹೇಳೋಕೂ ಸಂಕೋಚ ಪಡ್ತಾರೆ. ಹೋಗಿ, ಮೊದಲು ಮಗು ನೋಡ್ಕೊಳ್ಳಿ.’ ಅವರು ಸಹಿಸದಿದ್ದುದು ಒಂದೇ. ‘ತಪ್ಪು ಮಾಡಿ, ಪರವಾಗಿಲ್ಲ. ನೋಡದೇ ಇರೋದನ್ನ ನೋಡಿದೆ ಅಂತ ಬರೆದೋರಿಗೆ ಮಾತ್ರ ಈ ಕೋಣೇಲಿ ಜಾಗ ಇಲ್ಲ’ ಎಂದು ಮೊದಲ ದಿನವೇ ಎಲ್ಲರಿಗೂ ಹೇಳಿಬಿಡುತ್ತಿದ್ದರು.

ತಕರಾರಮ್ಮ ಹಾಗೆ ಬರೆದಳು. ಹನ್ನೊಂದು ವರ್ಷದ ಹಿಂದಿನ ಮಾತು. ಕೆಲಸ ಖಾಯಂ ಆಗಲು ಅವಳಿಗೆ ಐದೇ ದಿನ ಬಾಕಿಯಿತ್ತು. ಅಂದು ಸಂಜೆ ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆಯ ಪಟ್ಟಿ ಬಿಚ್ಚುವವರಿದ್ದರು. ‘ಎಷ್ಟು ಹೊತ್ತಿಗೆ ಬರ್ತೀಯೇ? ಅಮ್ಮ ಮೊದಲು ನಿನ್ನ ಮುಖಾನೇ ನೋಡ್ಬೇಕಂತೆ’ ಎಂದು ಅಣ್ಣ ಎರಡು ಸಲ ಫೋನು ಮಾಡಿದ್ದ. ಅಂದಿನ ಕೆಲಸದ ಪಟ್ಟಿಯಲ್ಲಿ ಉಳಿದದ್ದು ಒಂದೇ ಪರೀಕ್ಷೆ: ಒಬ್ಬ ರೋಗಿಯ ವಿವರ ನೋಡಿ, ಹಿಂದಿನ ಪುಟಕ್ಕೆ ಮರಳಿ, ಇನ್ನೊಬ್ಬ ರೋಗಿಯನ್ನು ತೆರೆಯುವುದು. ಎಂದೂ ಕೆಡದಿದ್ದದ್ದು ಇಂದೇಕೆ ಕೆಟ್ಟೀತೆಂದುಕೊಂಡು ಅದನ್ನೂ ಎಡಗಡೆಯಲ್ಲೇ ಬರೆದು ಹೊರಟುಬಿಟ್ಟಳು. ದೊಡ್ಡಮ್ಮ ಅಂದು ಮರುಪರೀಕ್ಷೆಗೆ ಆರಿಸಿದ್ದು ಅವಳ ಬೇರೆ ಸಾಲನ್ನು.

ಪಟ್ಟಿ ಬಿಚ್ಚಿದಾಗ ತಾಯಿ ಮಗಳ ಮುಖ ನೋಡಿ, ‘ಯಾಕೇ, ಬಾಡಿ ಹೋಗಿದೀಯಾ?’ ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಅವಳ ಪಾಡು. ಮರುದಿನ ಏಳೂವರೆಗೇ ಕಚೇರಿಗೆ ಬಂದು ಆ ಪರೀಕ್ಷೆ ಮಾಡಿದಳು. ಎರಡನೆಯ ರೋಗಿಯ ಹೆಸರಿನ ಕೆಳಗೆ ಮೊದಲನೆಯವನ ಒಗ್ಗದ ಔಷಧಿಗಳ ಪಟ್ಟಿ ಹಾಗೇ ಕೂತಿತ್ತು! ಹಿಂದಿನ ಸಂಜೆ ಪರೀಕ್ಷೆ ಮುಗಿಸಿ ಕಳಿಸಿದ್ದ ಆ ಹೊಸ ತಂತ್ರಾಂಶವನ್ನು ಆಸ್ಪತ್ರೆಯೊಂದು ಅಂದು ಬೆಳಿಗ್ಗೆ ಆರಕ್ಕೇ ಬಳಸಲು ಶುರುಮಾಡಿತ್ತು.

ತಪ್ಪನ್ನು ಮಾತ್ರ ಹೇಳಿ ಸುಳ್ಳನ್ನು ನುಂಗಿಕೊಳ್ಳಬಹುದಿತ್ತು. ‘ನಿನ್ನೆ ಸರಿ ಇತ್ತು, ಇವತ್ತು ಕೆಟ್ಟಿದೆ’ ಎಂದರೆ ಯಾರೂ ಕೆದಕುತ್ತಿರಲಿಲ್ಲ. ಆದರೆ ಹಾಗೆಂದರೆ ಇಡೀ ತಂಡ ನಿನ್ನೆಗೂ ಇಂದಿಗೂ ನಡುವೆ ಏನು ಬದಲಾಯಿತೆಂದು ಇಲ್ಲದ ಕಾರಣ ಹುಡುಕುತ್ತ ಕೂರುತ್ತಿತ್ತು. ಅಷ್ಟು ಹೊತ್ತೂ ಆ ಕಿಟಕಿಯಲ್ಲಿ ಔಷಧಿ ಹೋಗುತ್ತಲೇ ಇರುತ್ತಿತ್ತು. ದೊಡ್ಡಮ್ಮ ಒಳಗೆ ಬಂದು ಹೆಗಲಿನ ಚೀಲ ಇಳಿಸುವ ಮೊದಲೇ ಅವಳು ಹೇಳಿಬಿಟ್ಟಳು: ‘ಮೇಡಂ, ನಾನು ನೋಡಿರ್ಲಿಲ್ಲ. ನೋಡಿದೆ ಅಂತ ಬರೆದೆ.’

ಅವರು ಬೈಯಲಿಲ್ಲ. ಚೀಲ ಇಳಿಸಲೂ ಇಲ್ಲ. ಆಸ್ಪತ್ರೆಗೆ ಫೋನು ಮಾಡಿ ಪರದೆ ಮುಚ್ಚಿಸಿ, ಕಾಗದದ ಚೀಟಿಗೆ ಮರಳಲು ಹೇಳಿ, ‘ಬನ್ನಿ’ ಎಂದು ಅವಳನ್ನು ಕರೆದುಕೊಂಡು ಟ್ಯಾಕ್ಸಿ ಹತ್ತಿದರು. ಬೆಳಗಿನಿಂದ ಔಷಧಿ ಪಡೆದಿದ್ದವರು ನಲವತ್ತಮೂರು ಜನ. ಔಷಧಾಲಯದ ಹಿಂಬದಿಯ ಇಕ್ಕಟ್ಟಾದ ಕೋಣೆಯಲ್ಲಿ, ರಟ್ಟಿನ ಪೆಟ್ಟಿಗೆಗಳ ಮೇಲೆ ಕೂತು, ಮುಖ್ಯ ದಾದಿಯ ಜೊತೆ ಒಂದೊಂದೇ ಚೀಟಿಯನ್ನು ರೋಗಿಯ ಕಡತಕ್ಕೆ ಹೋಲಿಸಿದರು. ಮೂವತ್ತೆಂಟನೆಯ ಚೀಟಿಯಲ್ಲಿ ಮಾತ್ರ ಆ ರೋಗಿಗೆ ಒಗ್ಗದ ಔಷಧಿಯೇ ಬರೆದಿತ್ತು. ಅದರ ಪೊಟ್ಟಣ ವಾರ್ಡಿನ ಮೇಜಿನ ಮೇಲಿತ್ತು, ಇನ್ನೂ ಬಿಚ್ಚಿರಲಿಲ್ಲ. ದಾದಿ ಅದನ್ನು ತಂದು ಎದುರಿಗಿಟ್ಟಾಗ ತಕರಾರಮ್ಮ ಅದರ ಮೇಲಿನ ಹೆಸರನ್ನು ಎರಡು ಸಲ ಓದಿದಳು.

ಆಸ್ಪತ್ರೆಯ ಆಡಳಿತಾಧಿಕಾರಿ ಕೆಂಡಾಮಂಡಲವಾಗಿ ಕೇಳಿದರು: ‘ಯಾರ ತಪ್ಪು ಇದು?’

‘ನನ್ನ ತಂಡದ್ದು’ ಎಂದರು ದೊಡ್ಡಮ್ಮ. ‘ತಂಡದ್ದು ಅಂದ್ರೆ ನಂದೇ. ಕಂಡುಹಿಡಿದು ಹೇಳಿದ್ದು ಮಾತ್ರ ಇವರು.’

ಹಿಂದಿರುಗುವಾಗ ಟ್ಯಾಕ್ಸಿಯಲ್ಲಿ ಅವಳು ಅಮ್ಮನ ಕಣ್ಣಿನ ವಿಷಯ ಹೇಳಿದಾಗ, ತಂಡದ ಎಲ್ಲರನ್ನೂ ಬಹುವಚನದಲ್ಲೇ ಮಾತಾಡಿಸುವ ಅವರು, ಅಂದು ಮೊದಲ ಬಾರಿಗೆ ಏಕವಚನ ಬಳಸಿದರು: ‘ಅಮ್ಮನ ಕಣ್ಣು ನೋಡೋಕೆ ಹೋಗ್ಬೇಕು ಅಂದಿದ್ರೆ ನಾನು ಬೇಡ ಅಂತಿದ್ನೇನಮ್ಮಾ? ನೋಡಿಲ್ಲ ಅಂತ ಒಂದು ಪದ ಬರೆದು ಹೋಗಿದ್ರೆ, ನಾನು ಕೂತು ನೋಡ್ತಿದ್ನಲ್ಲೇ.’ ಅವಳು ಅತ್ತಳು. ಅವರು ಕಿಟಕಿಯಾಚೆ ನೋಡುತ್ತ, ಕೈಗೆ ಕರವಸ್ತ್ರ ಕೊಟ್ಟರು.

ಕೋಣೆಗೆ ಬಂದು ಎಲ್ಲರೆದುರು ಅವಳು ಆ ಸಾಲನ್ನು ಎಡದಿಂದ ಅಳಿಸಿ ಬಲಕ್ಕೆ ಬರೆಯಬೇಕಾಯಿತು. ಅಕ್ಷರ ಸೊಟ್ಟಗಾಯಿತು. ಯಾರೂ ನಗಲಿಲ್ಲ. ನಾಲ್ಕು ದಿನದ ನಂತರ ಅವಳ ಕೆಲಸ ಖಾಯಂ ಆಯಿತು. ಶಿಫಾರಸು ಪತ್ರದಲ್ಲಿ ದೊಡ್ಡಮ್ಮ ಬರೆದಿದ್ದುದು ಎರಡೇ ವಾಕ್ಯ: ‘ಸುಳ್ಳು ಬರೆದರು. ಯಾರೂ ಕೇಳುವ ಮೊದಲೇ ತಾವೇ ಬಂದು ಹೇಳಿದರು.’

ಅಂದಿನಿಂದ ತಕರಾರಮ್ಮ ಎಡಗಡೆ ಒಂದು ಸಾಲು ಬರೆಯುವ ಮುನ್ನ ಎರಡು ಸಲ ಪರೀಕ್ಷಿಸುತ್ತಿದ್ದಳು. ಒಮ್ಮೆ ಎಡವಿದವಳ ಸಾಲನ್ನು ದೊಡ್ಡಮ್ಮ ಬಿಟ್ಟಾರೆಯೇ, ಇಂದು ಸಂಜೆಯೂ ಹೆಕ್ಕಿ ನೋಡಿಯೇ ನೋಡುತ್ತಾರೆ ಎಂದು ಹನ್ನೊಂದು ವರ್ಷವೂ ನಂಬಿದ್ದಳು. ಹಾಗೆ ನೋಡಲಿ ಎಂದೇ ಅವಳಿಗೆ ಆಸೆಯಿತ್ತು; ತಪ್ಪು ಸಿಗದಿದ್ದಾಗ ಅವರಿಗೆ ಖುಷಿಯಾಗಬಹುದಲ್ಲ ಎಂದು.

ಕಳೆದ ತಿಂಗಳು ದೊಡ್ಡಮ್ಮ ನಿವೃತ್ತರಾದರು. ತಮ್ಮ ಕುರ್ಚಿಯನ್ನು ತಕರಾರಮ್ಮನಿಗೆ ಒಪ್ಪಿಸುವ ದಿನ ಭಾಷಣ ಮಾಡಲಿಲ್ಲ. ಎದ್ದು ಹೋಗಿ ಹಲಗೆಯ ಬಲಗಡೆ ತಮ್ಮದೇ ಪಟ್ಟಿ ಬರೆದರು. ಹೊಸ ಚೀಟಿ ಹಳೆಯ ಮುದ್ರಣ ಯಂತ್ರಕ್ಕೆ ಹೊಂದುತ್ತದೋ, ನೋಡಿಲ್ಲ. ಮಕ್ಕಳ ವಾರ್ಡಿನ ಪರದೆಯಲ್ಲಿ ಅಕ್ಷರದ ಗಾತ್ರ ಸಾಕೋ, ನೋಡಿಲ್ಲ. ಹೀಗೆ ಎಂಟು ಸಾಲು. ಒಂಬತ್ತನೆಯದನ್ನು ಬರೆಯುವಾಗ ಮಾತ್ರ ಅವರ ಬೆನ್ನು ಎಲ್ಲರಿಗೂ ಅಡ್ಡವಾಗಿತ್ತು. ಪಕ್ಕಕ್ಕೆ ಸರಿದಾಗ ಕಂಡದ್ದು ಇದು: ‘ತಕರಾರಮ್ಮ ಎಡಗಡೆ ಬರೆದದ್ದು ನಿಜವೋ ಎಂದು ಹನ್ನೊಂದು ವರ್ಷದಿಂದ ನೋಡಿಲ್ಲ.’

ಮೌನಿಬಾಬಾ ಎದ್ದು ನಿಂತು ಮೊದಲು ಚಪ್ಪಾಳೆ ತಟ್ಟಿದ.

ಪೂಜ್ಯ ದೊಡ್ಡಮ್ಮನವರ ಮುಂದಿನ ದಿನಗಳ ಹಲಗೆಯೂ ಬಲಗಡೆ ತುಂಬಿ ತುಳುಕುತ್ತಿರಲಿ: ನೋಡದ ಊರುಗಳು, ಓದದ ಪುಸ್ತಕಗಳು, ಯಜಮಾನರೊಡನೆ ಹೋಗದ ದೂರದ ನಡಿಗೆಗಳು. ಅವನ್ನೆಲ್ಲ ನಿಧಾನವಾಗಿ ಒಂದೊಂದಾಗಿ ಎಡಕ್ಕೆ ತರುವಷ್ಟು ಆಯುಸ್ಸು, ಆರೋಗ್ಯ ಅವರಿಗಿರಲಿ; ಬೇಸರವಾದಾಗ ನಮ್ಮ ಕೋಣೆಗೆ ಬಂದು ನಮ್ಮ ಸಾಲುಗಳನ್ನೂ ಹೆಕ್ಕಿ ನೋಡಲಿ. ಆದರೆ ಒಂಬತ್ತನೆಯ ಸಾಲೊಂದನ್ನು ಮಾತ್ರ ಅವರು ಬಲಗಡೆಯಲ್ಲೇ ಬಿಡಬೇಕೆಂದು ತಕರಾರಮ್ಮನ ಪ್ರಾರ್ಥನೆ. ಉಳಿದ ಎಂಟನ್ನು ಅವಳು ಪರೀಕ್ಷಿಸಿ ಎಡಕ್ಕೆ ತಂದಿದ್ದಾಳೆ, ಎರಡೆರಡು ಸಲ ನೋಡಿ.