ನೀರೊಲೆಯ ಬೂದಿ

ಎಪ್ಪತ್ತರ ದಶಕದ ಕೊನೆಯಲ್ಲಿ ಬಾಗಲಕೋಟೆಯಿಂದ ಇಳಕಲ್ಲಿಗೆ ಸೊಸೆಯಾಗಿ ಬಂದಾಗ ನನಗೆ ಅಡುಗೆ ಅಷ್ಟಕ್ಕಷ್ಟೇ, ಆದರೆ ಜಂಬ ಬೇಕಾದಷ್ಟಿತ್ತು. ಅತ್ತೆ ದಿನವಿಡೀ ಮಗ್ಗದ ಬಳಿ ಕೂತು ಸೀರೆಯ ಮೈಯ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುತ್ತಿದ್ದರು. ಆಗೆಲ್ಲ ಅವರ ತುಟಿ ಅಲುಗುತ್ತಿತ್ತು. ಎಳೆ ಎಣಿಸುತ್ತಾರೆ ಅಂದುಕೊಂಡಿದ್ದೆ. ಅವರು ನಮೋ ಮರಿಯಾ ಜಪ ಹೇಳುತ್ತಿದ್ದರು.

ಊರಿನಲ್ಲಿ ನಮ್ಮ ಕ್ರೈಸ್ತರ ಮನೆಗಳು ಹತ್ತು. ಫಾದರ್ ದೂರದಿಂದ ತಿಂಗಳಿಗೊಮ್ಮೆ ಮೋಟರ್ ಸೈಕಲ್ಲಿನಲ್ಲಿ ಬಂದು ನಮ್ಮ ಪಡಸಾಲೆಯಲ್ಲೇ ಪೂಜೆ ಮಾಡುವರು. ಉಳಿದ ಭಾನುವಾರ ಎಲ್ಲರನ್ನೂ ಕೂರಿಸಿ ಪ್ರಾರ್ಥನೆ ಹೇಳಿಸುವವರು ಅತ್ತೆ. ಅವರಿಗೆ ಓದು ಬರುತ್ತಿರಲಿಲ್ಲ, ಆದರೂ ಒಂದು ಪದ ತಪ್ಪುತ್ತಿರಲಿಲ್ಲ.

ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಫಾದರ್ ಆಶೀರ್ವದಿಸಿ ಕೊಟ್ಟ ಈಚಲ ಗರಿಯನ್ನು ಎಲ್ಲರೂ ವರ್ಷವಿಡೀ ಮನೆಯ ಶಿಲುಬೆಗೆ ಸಿಕ್ಕಿಸಿಡುತ್ತಿದ್ದರು. ಮುಂದಿನ ವರ್ಷ ಅತ್ತೆ ಮನೆಮನೆಗೆ ಹೋಗಿ ಅವನ್ನು ಕೂಡಿಸಿ ತರುವರು. ಅವನ್ನು ಸುಟ್ಟ ಬೂದಿಯೇ, ಉಪವಾಸದ ಕಾಲ ಶುರುವಾಗುವ ಬೂದಿ ಬುಧವಾರ, ಎಲ್ಲರ ಹಣೆಗೆ. ಈ ಕೆಲಸವನ್ನು ಅವರು ಯಾರ ಕೈಗೂ ಬಿಟ್ಟವರಲ್ಲ.

ನಾನು ಸೊಸೆಯಾಗಿ ಬಂದ ವರ್ಷ, ಆಡು ತಿಂದೀತೆಂದು ಗರಿಯ ಕಟ್ಟನ್ನು ಬಚ್ಚಲಿನ ಮೂಲೆಯಲ್ಲಿ ಇಟ್ಟಿದ್ದರು. ಬೂದಿ ಬುಧವಾರದ ಬೆಳಿಗ್ಗೆ ನಾನು, ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವ ಉಮೇದಿಯಲ್ಲಿ ಎಲ್ಲರಿಗಿಂತ ಮೊದಲೆದ್ದು, ಆ ಕಟ್ಟನ್ನೇ ನೀರೊಲೆಗೆ ತುರುಕಿ, ಮೇಲೆ ನಾಲ್ಕು ಸಗಣಿ ಕುಳ್ಳು ಒಟ್ಟಿ ಹಂಡೆ ತುಂಬ ನೀರು ಕಾಸಿದೆ. ತವರಿನ ಚರ್ಚಿನಲ್ಲಿ ಬೂದಿ ಬಟ್ಟಲಲ್ಲಿ ಸಿದ್ಧವಾಗಿ ಬರುತ್ತಿತ್ತು. ಎಲ್ಲಿಂದ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

"ಒಲಿಗೆ ಏನ ಹಾಕೀದಿ, ಯವ್ವಾ?"

"ಮೂಲ್ಯಾಗಿನ ಒಣಾ ಗರಿ, ಅತ್ತಿ."

ಅತ್ತೆ ಅಲ್ಲೇ ಕುಸಿದು ಕೂತರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಹತ್ತು ಮನೆಯವರು ಅವರನ್ನು ನಂಬಿ ಕೊಟ್ಟ ಗರಿ ಅದು. ಸಂಜೆ ಫಾದರ್ ಬರುವವರಿದ್ದರು. ಇನ್ನು ಅತ್ತೆಯ ಮಾತಿಗೆ ಯಾರು ಬೆಲೆ ಕೊಡುತ್ತಾರೆ, ನಾನು ಯಾರಿಗೆ ಮುಖ ತೋರಿಸಲಿ?

"ಬ್ಯಾರೆ ಗರಿ ತಂದು ಸುಟ್ಟರಾತು. ಯಾರಿಗೆ ಗೊತ್ತಾಗ್ತೇತ್ರಿ?" ಅಂದೆ.

ಆಗ ಮಾತ್ರ ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ಆ ನೋಟ ಈಗಲೂ ನೆನಪಿದೆ.

ನಮ್ಮ ಮಾತು ಕೇಳಿ ಪಕ್ಕದ ಮನೆಯ ಲಿಂಗಾಯತರ ಅಜ್ಜಿ ಬಂದರು. ಸಂಗತಿ ತಿಳಿದು ತಮ್ಮ ಹಣೆಯ ವಿಭೂತಿ ಮುಟ್ಟಿ ತೋರಿಸಿದರು. "ಕುಳ್ಳಿನ ಬೂದಿ ಕೂಡೇತಿ ಅಂತ ಚಿಂತಿ ಮಾಡ್ತೀರೇನು? ನಮ್ಮ ಹಣಿ ಮ್ಯಾಲಿಂದೂ ಅದ ಐತಿ."

ಅತ್ತೆಗೆ ನಗು ಬಂತು. ಬೂದಿ ಆರಿದ ಮೇಲೆ ಬಳಿದು ತೆಗೆದು, ಹಳೆಯ ಸೀರೆಯ ತುಂಡಿನಲ್ಲಿ ಮೂರು ಸಲ ಸೋಸಿದರು. ಅದನ್ನು ಏನು ಮಾಡುತ್ತಾರೆಂದು ಕೇಳುವ ಧೈರ್ಯ ನನಗಿರಲಿಲ್ಲ.

ಸಂಜೆ ಪಡಸಾಲೆ ತುಂಬಿತ್ತು. ಪೂಜೆ ಶುರುವಾಗುವ ಮುಂಚೆ ಅತ್ತೆ ಬಟ್ಟಲು ಹಿಡಿದು ಎದ್ದು ನಿಂತರು.

"ಫಾದರ್ರ, ಒಂದ ಮಾತೈತ್ರಿ. ಎಲ್ಲಾರ ಮನಿ ಗರಿ ಇವತ್ತ ನಮ್ಮ ನೀರೊಲ್ಯಾಗ ಸುಟ್ಟಾವು. ಕುಳ್ಳಿನ ಬೂದೀನೂ ಕೂಡೇತಿ. ಸೊಸಿಗೆ ನಾ ಹೇಳಿದ್ದಿಲ್ಲ, ತಪ್ಪು ನಂದು. ನಡೀತೇತಂದ್ರ ತಗೋರಿ, ಇಲ್ಲಂದ್ರ ಇಲ್ಲ."

ಕರಾವಳಿಯ ಕಡೆಯವರಾದ ಫಾದರ್ ಬೂದಿಯನ್ನು ಬೆರಳಲ್ಲಿ ತಿಕ್ಕಿ ನೋಡಿದರು. "ಇಷ್ಟು ನುಣ್ಣಗೆ ನಾನೂ ಸೋಸುವುದಿಲ್ಲಮ್ಮ" ಎಂದು ಅದನ್ನೇ ಆಶೀರ್ವದಿಸಿದರು. ನನ್ನ ಹಣೆಗೆ ಹಚ್ಚುವಾಗ ನಾನು ಬಿಕ್ಕುತ್ತಿದ್ದೆ. ಅಂಥ ಅತ್ತೆ ಸಿಕ್ಕಿದ್ದು ನನ್ನ ಪುಣ್ಯ.

ಪೂಜೆ ಮುಗಿದು ಹೊರಡುವಾಗ ಕೊನೆಯ ಓಣಿಯ ಹೆಂಗಸೊಬ್ಬರು ಕೊಂಕಾಗಿಯೇ ಕೇಳಿದರು. "ಮುಂದಿನ ವರ್ಷ ಗರಿ ಯಾರ ಕೈಯಾಗ ಕೊಡೋಣ್ರಿ?"

ಅತ್ತೆ ನನ್ನ ರಟ್ಟೆ ಹಿಡಿದು ಮುಂದಕ್ಕೆ ಎಳೆದರು.

"ಈಕಿ ಕೈಯಾಗ ಕೊಡ್ರಿ. ಇನ್ನ ಈಕಿಯಷ್ಟ ಜ್ವಾಪಾನ ಮಾಡಾವ್ರು ಈ ಊರಾಗ ಯಾರೂ ಇಲ್ಲ."