ಜಯಮ್ಮನ ಕಾಗದ

ಕ್ಯಾಲನೂರಿನ ಹಾಲಿನ ಡೇರಿ ಸಾಲಿನಲ್ಲಿ ನಿಂತರೆ ಸಾಕು, ಯಾರ ಮನೆಯಲ್ಲಿ ಏನು ನಡೀತಿದೆ ಅಂತ ನನಗೆ ಗೊತ್ತಾಗುತ್ತೆ. ನನ್ನ ಗೆಳತಿ ಜಯಮ್ಮ ಮಾತ್ರ ಅರ್ಥವಾಗಲಿಲ್ಲ. ಅಂಗನವಾಡಿಯಲ್ಲಿ ಮಕ್ಕಳ ತೋಳಿಗೆ ಬಣ್ಣದ ಪಟ್ಟಿ ಸುತ್ತಿ ಅಳೆಯೋದು ಅವಳ ಕೆಲಸ. ಅಳತೆ ಕೆಂಪಿಗೆ ಬಂದರೆ ಮಗು ಸೊರಗಿದೆ ಅಂತ.

ಒಂದು ಬೆಳಿಗ್ಗೆ ಸಾಲಿನಲ್ಲೇ ಕಾಗದ ಚಾಚಿದಳು. "ಪ್ಯಾಲೆಸ್ತೀನ್ ಅನ್ನೋ ಕಡೆ ಮಕ್ಕಳಿಗೆ ಊಟ ಹೋಗದಂಗೆ ತಡೆದಿದ್ದಾರೆ ಕಣೇ. ಫೋನಲ್ಲಿ ನೋಡಿದೆ, ಆ ತೋಳೆಲ್ಲಾ ಕೆಂಪೇ. ಉಣ್ಣೋದು ಅವರ ಹಕ್ಕು ಅಂತ ದಿಲ್ಲಿಗೆ ಬರೀತಿದ್ದೀನಿ, ಹೆಬ್ಬೆಟ್ಟು ಒತ್ತು."

"ಅದ್ಯಾವ ಹೋಬಳೀನೇ? ನಿಂಗೇನು ಸಿಗುತ್ತೆ ಇದ್ರಲ್ಲಿ?" ಅಂದೆ.

"ಏನೂ ಇಲ್ಲ."

ಏನೂ ಸಿಗದ ಕೆಲಸಕ್ಕೆ ಯಾರು ಓಡಾಡ್ತಾರೆ? ಜಯಮ್ಮ ಜಮೀನು ಬರೆಸಿಕೊಳ್ಳೋಕೆ ಹೆಬ್ಬೆಟ್ಟು ಕೇಳ್ತಿದ್ದಾಳೆ ಅಂತ, ನನ್ನ ಹಾಲು ಅಳೆಯೋ ಮೊದಲೇ ಸಾಲಿಗೆಲ್ಲ ಹಬ್ಬಿಸಿದೆ. ಒಬ್ಬರೂ ಒತ್ತಲಿಲ್ಲ.

ಹೋದ ತಿಂಗಳು ಜಯಮ್ಮ ತೀರಿಕೊಂಡಳು. ತಿಥಿ ದಿನ ಯಾರಿಗೂ ಕಾಣದಂಗೆ ಅವಳ ಟ್ರಂಕು ಹುಡುಕಿದೆ. ಕ್ರಯಪತ್ರ ಇಲ್ಲ, ಪಹಣಿ ಇಲ್ಲ. ಆ ಪಟ್ಟಿ, ಆ ಕಾಗದ, ಅದರಲ್ಲಿ ಅವಳೊಬ್ಬಳದೇ ಸಹಿ.

ಕಾಗದವನ್ನು ಡೇರಿಗೆ ಒಯ್ದೆ. ಮೊದಲು ನನ್ನ ಹೆಬ್ಬೆಟ್ಟು ಒತ್ತಿ, ಪಕ್ಕದ ಮನೆ ರತ್ನಮ್ಮನಿಗೆ ಚಾಚಿದೆ. ಅವಳು ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು, "ನಿಂಗೇನು ಸಿಗುತ್ತಕ್ಕಾ ಇದ್ರಲ್ಲಿ?" ಅಂದಳು.

ಬಾಯಿಗೆ ಬಂದಂಗೆ ಬೈಯೋಣ ಅಂದುಕೊಂಡೆ. ಆದರೆ ಅವಳಿಗೆ ಅದನ್ನು ಕಲಿಸಿದವಳು ನಾನೇ ಅಲ್ಲವೇ? ಕಲಿಸೋಕೆ ಒಂದು ಬೆಳಿಗ್ಗೆ ಸಾಕಾಗಿತ್ತು. ಮರೆಸೋಕೆ ದಿನಾ ಕಾಗದ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದೇನೆ, ನನ್ನ ಹಿಂದೆ ಮುಂದೆ ಮಾತ್ರ ಎರಡೆರಡು ಆಳಿನ ಜಾಗ ಖಾಲಿ.