ಅರಿಶಿನದ ನೀರು ಕುಡಿದ ಲ್ಯಾಪ್‌ಟಾಪು

ಬದನೆಕಾಯಿಯನ್ನು ಹಿಚುಕಿ ನೋಡದೆ ಕೊಂಡವನಲ್ಲ ನಾನು. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ. ಗುಂಡ್ಲುಪೇಟೆಯ ತರಕಾರಿಯವರು ನನ್ನನ್ನು ಕಂಡರೆ ಬೇರೆ ಗಿರಾಕಿಯ ಕಡೆ ತಿರುಗುತ್ತಾರೆ. ಇಂಥ ನಾನು, ಕಣ್ಣಲ್ಲಿ ಕಾಣದ ಒಂದು ಹಳೆಯ ಲ್ಯಾಪ್‌ಟಾಪನ್ನು ಮುಖ ನೋಡದ ಬೆಂಗಳೂರಿನ ಒಬ್ಬನಿಂದ ಇಂಟರ್ನೆಟ್ಟಿನಲ್ಲಿ ಕೊಂಡೆನೆಂದರೆ, ಹೆಂಡತಿಯ ಹಠ ಎಂಥದೆಂದು ನೀವೇ ಊಹಿಸಿ.

ಜಯಾ ಮನೆಯಲ್ಲೇ ಡಿಟಿಪಿ ಕೆಲಸ ಶುರುಮಾಡುವವಳಿದ್ದಳು. ಯಂತ್ರ ಬರುವ ಮೊದಲೇ ಬೇಗೂರಿನ ಒಂದು ಮದುವೆಯ ಲಗ್ನಪತ್ರಿಕೆಯನ್ನು ಒಪ್ಪಿಕೊಂಡುಬಿಟ್ಟಿದ್ದಳು. ಅವಳ ಮೊದಲ ಕೆಲಸ. ಅದು ತಪ್ಪಿದರೆ ಎರಡನೆಯದು ಬರುವುದಿಲ್ಲವೆಂದು ನನಗೂ ಗೊತ್ತಿತ್ತು. ಹೊಸ ಲ್ಯಾಪ್‌ಟಾಪು ನನ್ನಂಥ ಶಾಲಾ ಮೇಷ್ಟರ ಕೈಗೆ ಎಟಕುವ ಹಣ್ಣಲ್ಲ. ಆದ್ದರಿಂದ ರೀಫರ್ಬಿಶ್ಡ್, ಅಂದರೆ ಹಳೆಯದನ್ನು ರಿಪೇರಿ ಮಾಡಿ, ಒರೆಸಿ, ಮತ್ತೆ ಮಾರುವ ಮಾಲು. ಪುನರ್ಜನ್ಮವನ್ನು ನಂಬುವ ನಾವು ಇದಕ್ಕೆ ಹೆದರಬೇಕಿಲ್ಲ. ಏನು ಮಾಡುವುದು, ಹಿಂದಿನ ಜನ್ಮದಲ್ಲಿ ಏನೇನಾಗಿತ್ತೆಂದು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ.

ನನ್ನ ಗುರು ಸೈಬರ್ ಸೆಂಟರಿನ ಇಮ್ತಿಯಾಜ್. ಮುಂದೆ ನಾಲ್ಕು ಕಂಪ್ಯೂಟರು, ಹಿಂದೆ ರಿಪೇರಿಯ ಮೇಜು. ಸೈಟಿನಲ್ಲಿ ಹಿಂದೆ ಕೊಂಡವರು ಬರೆದದ್ದನ್ನು ತೋರಿಸಿ, "ಹೊಗಳಿರೋದನ್ನ ಓದ್ಬೇಡಿ ಸಾರ್, ಬೈದಿರೋದನ್ನ ಓದಿ," ಎಂದ. ಯಂತ್ರದ ಪಕ್ಕ ಆವತ್ತಿನ ಪೇಪರ್ ಇಟ್ಟು ಫೋಟೋ ತೆಗೆದು ಕಳಿಸಲು ಮಾರುವವನಿಗೆ ಬರೆಸಿದ. ನೇರವಾಗಿ ತನಗೇ ಹಣ ಕಳಿಸಿದರೆ ಒಂದಿಷ್ಟು ಕಡಿಮೆ ಮಾಡುವೆನೆಂದು ಅವನು ಆಸೆ ತೋರಿಸಿದಾಗ ನನ್ನ ಬಾಯಲ್ಲಿ ನೀರೂರಿತು. ಇಮ್ತಿಯಾಜ್ ಮೌಸನ್ನೇ ಕಿತ್ತುಕೊಂಡ. "ಕೊಟ್ಟವ್ನು ಕೋಡಂಗಿ ಆಗ್ತೀರಾ ಸಾರ್! ದುಡ್ಡು ಸೈಟ್‌ನವ್ರ ಹತ್ರಾನೇ ಇರ್ಲಿ. ಮಾಲು ಬಂದು, ನೀವು ಸರಿ ಇದೆ ಅಂತ ಒತ್ತಿದ್ಮೇಲೇ ಅವ್ನಿಗೆ ಹೋಗೋದು."

ಪಾರ್ಸೆಲ್ ಬಂತು. ಜಯಾ ಪ್ರತಿಯೊಂದು ಕೀಲಿಯನ್ನೂ ಒತ್ತಿ ನೋಡಿದಳು. ಎಲ್ಲವೂ ಸರಿಯಾಗಿತ್ತು. ಸಂಜೆ ಹೋಗಿ 'ಸರಿ ಇದೆ' ಒತ್ತಿ ಬರೋಣವೆಂದು ಶಾಲೆಗೆ ಹೋದೆ. ಬರುವಷ್ಟರಲ್ಲಿ ಲ್ಯಾಪ್‌ಟಾಪಿಗೆ ಕುಂಕುಮ, ಮೇಲೊಂದು ಸೇವಂತಿಗೆ. ಅಷ್ಟಾಗಿದ್ದರೆ ಚಿಂತೆಯಿರಲಿಲ್ಲ. ಭೀಮನಬೀಡಿನಿಂದ ಬಂದಿದ್ದ ಅಮ್ಮ ಹೆಮ್ಮೆಯಿಂದ ಹೇಳಿದಳು: "ಯಾರ್ ಮುಟ್ಟಿದ್ದೋ, ಯಾವ್ ಸೂತಕದ್ ಮನೇದೋ ಕಣಪ್ಪ. ಒಸಿ ಅರಿಸ್ನದ್ ನೀರಾಕಿ ಸುದ್ದ ಮಾಡ್ಬುಟ್ಟೆ." ಒಸಿ ಎಂದರೆ ಒಂದು ಪಂಚಪಾತ್ರೆ. ಕೀಲಿಮಣೆಯ ನಡುವಿನ ಸಾಲು ಪೂರ್ತಿ ಮೂಕವಾಗಿತ್ತು. ಜಯಾ ಅಳಲಿಲ್ಲ, ಅತ್ತೆಯನ್ನು ಬೈಯಲೂ ಇಲ್ಲ. ಬೇಗೂರಿನವರು ಬರೆದುಕೊಟ್ಟ ಹಾಳೆಯನ್ನು ಮಡಚಿಕೊಂಡು ಒಳಗೆ ಹೋದಳು. ನನಗೆ ಅದೇ ಹೆಚ್ಚು ಸಂಕಟವಾಯಿತು.

ಒಣಗಿಸಿದ್ದಾಯಿತು, ಬಿಸಿಲಿಗಿಟ್ಟಿದ್ದಾಯಿತು, ಫಲವಿಲ್ಲ. ಮಾರನೆಯ ಸಂಜೆ ಸೈಬರ್ ಸೆಂಟರಿನಲ್ಲಿ ಕೂತಾಗ ಒಂದು ಯೋಚನೆ ಹೊಳೆಯಿತು. ಹಣ ಇನ್ನೂ ಸೈಟಿನವರ ಹತ್ತಿರವೇ ಇದೆ. 'ಕೀಲಿಗಳು ಕೆಟ್ಟೇ ಬಂದವು' ಎಂದು ಬರೆದರೆ ಯಂತ್ರ ವಾಪಸ್ಸು, ಹಣವೂ ವಾಪಸ್ಸು. ನೀತಿಪಾಠ ಹೇಳುವ ಮೇಷ್ಟರು ಎರಡು ಸಾಲು ಟೈಪೂ ಮಾಡಿಬಿಟ್ಟರು ಎಂದು ನಾಚಿಕೆಯಿಂದಲೇ ಹೇಳುತ್ತೇನೆ. ಇಷ್ಟು ದಿನ ಆ ಬೆಂಗಳೂರಿನವನನ್ನು ಕಳ್ಳನೆಂದೇ ಅನುಮಾನಿಸಿದ್ದೆ. ತಾ ಕಳ್ಳ ಪರರ ನಂಬ ಎಂದು ಹಿರಿಯರು ನನ್ನನ್ನು ನೋಡಿಯೇ ಹೇಳಿರಬೇಕು.

ಪಕ್ಕದಲ್ಲಿದ್ದ ಇಮ್ತಿಯಾಜ್ ಅದನ್ನು ಓದಿದ. ಆಮೇಲೆ, "ಅವ್ನೂ ನನ್ ಥರ ರಿಪೇರಿಯವ್ನೇ ಸಾರ್," ಎಂದಷ್ಟೇ ಹೇಳಿ ಹಿಂದಿನ ಮೇಜಿಗೆ ಹೋದ.

ಎರಡೂ ಸಾಲು ಅಳಿಸಿದೆ. 'ಸರಿ ಇದೆ' ಒತ್ತಿದೆ. ಕೊಳ್ಳುವವನು ಮೋಸ ಹೋಗದಿರಲು ನೂರು ಉಪಾಯ ಕಲಿತಿದ್ದ ನನಗೆ, ಕೊಳ್ಳುವವನಿಂದ ಮಾರುವವನನ್ನು ಕಾಯಲು ಒಂದೂ ಇಲ್ಲವೆಂಬುದು ಆಗಲೇ ಹೊಳೆದದ್ದು. ಆಮೇಲೆ ಸೈಟಿನಲ್ಲೇ ಆ ಬೆಂಗಳೂರಿನವನಿಗೊಂದು ಪತ್ರ ಬರೆದೆ. ಅಮ್ಮ, ಅರಿಶಿನದ ನೀರು, ಲಗ್ನಪತ್ರಿಕೆ, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆದು, ಹಳೆಯ ಕೀಬೋರ್ಡೊಂದು ಸಿಕ್ಕೀತೇ, ಬೆಲೆಯೆಷ್ಟು ಎಂದು ಕೇಳಿದೆ.

ಮೂರನೆಯ ದಿನ ಒಂದು ಚಿಕ್ಕ ಪಾರ್ಸೆಲ್ ಬಂತು; ಒಳಗೆ ಕೀಬೋರ್ಡು, ಬೆಲೆಯ ಮಾತೇ ಇಲ್ಲ. ಇಮ್ತಿಯಾಜ್ ಅರ್ಧ ಗಂಟೆಯಲ್ಲಿ ಅದನ್ನು ಕೂರಿಸಿಕೊಟ್ಟ. ಆ ರಾತ್ರಿಯೇ ಜಯಾ ಪತ್ರಿಕೆ ಮುಗಿಸಿದಳು. ಪಾರ್ಸೆಲ್ಲಿನಲ್ಲಿ ಒಂದು ಚೀಟಿಯೂ ಇತ್ತು: "ಸಾರ್, ನಮ್ಮ ಮನೆಯಲ್ಲೂ ಅಮ್ಮ ಇದ್ದಾರೆ. ಪೂಜೆ ಇಲ್ಲಿಯೇ ಮಾಡಿಸಿ ಕಳಿಸಿದ್ದೇನೆ. ದಯವಿಟ್ಟು ಅಲ್ಲಿ ಮತ್ತೆ ಬೇಡ."